ಹೊಳೆಯಾಚೆಯ ಉತ್ತಂಗಿ: ಸರ್ವಜ್ಞನ ವಚನ ಕೂಡಿಸಿಟ್ಟ ಪಾದ್ರಿಯ ಬದುಕು

ಡಂಬಳ: ಇಲ್ಲಿಂದ ಮುಂಡರಗಿಗೆ ಹೋಗಿ, ಕೊರ್ಲಹಳ್ಳಿ ಸೇತುವೆ ಮೇಲೆ ತುಂಗಭದ್ರೆ ದಾಟಿದರೆ ಮದಲಗಟ್ಟಿ, ಅಲ್ಲಿಂದ ಮುಂದೆ ಹೂವಿನಹಡಗಲಿ. ಅದೇ ತಾಲ್ಲೂಕಿನಲ್ಲಿ ಉತ್ತಂಗಿ ಅನ್ನೋ ಊರಿದೆ. ನಮ್ಮ ಭಾಗದ ಸಾಲಿ ಮಕ್ಕಳು ಬೋರ್ಡಿನ ಮೇಲೆ ದಿನಕ್ಕೊಂದು ಸರ್ವಜ್ಞನ ವಚನ ಬರೀತಾರಲ್ಲ, ಆ ವಚನಗಳಿಗೂ ಹೊಳೆಯಾಚೆಯ ಈ ಊರಿನ ಹೆಸರಿಗೂ ನಂಟಿದೆ. ಚದುರಿ ಹೋಗಿದ್ದ ವಚನಗಳನ್ನು ವರ್ಷಗಟ್ಟಲೆ ಹುಡುಕಿ ಒಂದೇ ಪುಸ್ತಕದಲ್ಲಿ ಕೂಡಿಸಿಟ್ಟವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರು ಬಾಸೆಲ್ ಮಿಶನ್ನಿನ ಸಭಾಪಾಲಕರು. ಜನರ ಮಾತಿನಲ್ಲಿ ಹೇಳಬೇಕಂದ್ರೆ ಪಾದ್ರಿ.

ಸರ್ವಜ್ಞ ಎಲ್ಲರಿಗೂ ಗೊತ್ತು. ಕೂಡಿಸಿಟ್ಟವರು ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರಕೋತಾರೆ.

ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಉತ್ತಂಗಿ ಅವರ ಮನೆತನದ ಮೂಲ ಊರು, ಅದೇ ಅಡ್ಡಹೆಸರಾಯಿತು. ತಂದೆ ದಾನಿಯೇಲಪ್ಪ. ಈ ಹೆಸರನ್ನು ಒಂದು ಕ್ಷಣ ನಿಂತು ನೋಡಬೇಕು. ಸತ್ಯವೇದದ ದಾನಿಯೇಲನಿಗೆ ನಮ್ಮ ಕಡೆಯ ಅಪ್ಪ ಸೇರಿ ದಾನಿಯೇಲಪ್ಪ ಆಗಿದ್ದಾನೆ. ಆ ದಾನಿಯೇಲಪ್ಪ ತನ್ನ ಮಗನಿಗೆ ಬೈಬಲ್ಲಿನ ಹೆಸರು ಇಡಲಿಲ್ಲ, ಚನ್ನಪ್ಪ ಅಂತ ಕರೆದ. ಡಂಬಳದ ಯಾವ ಓಣಿಯಲ್ಲಿ ನಿಂತು ಚನ್ನಪ್ಪಾ ಅಂತ ಕೂಗಿದರೂ ಇಬ್ಬರಾದರೂ ತಿರುಗಿ ನೋಡ್ತಾರೆ. ಮುಂದೆ ಆ ಮಗ ಮಾಡಿದ ಕೆಲಸವೆಲ್ಲ ಈ ಎರಡು ಹೆಸರುಗಳ ನಡುವೆ ದಾರಿ ಹುಡುಕಿದ ಕೆಲಸವೇ.

ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಕ್ರೈಸ್ತರಾಗೋದು ಅಂದ್ರೆ ಏನಾಗಿತ್ತು ಅಂತ ತಿಳಿಯದಿದ್ದರೆ ಇದು ಅರ್ಥವಾಗೋದಿಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ಗದುಗಿನ ಹತ್ತಿರದ ಮಲ್ಲಸಮುದ್ರದಲ್ಲೂ ಆಗಲೇ ಒಕ್ಕಲುತನ ಮಾಡೋ ಒಂದು ಕ್ರೈಸ್ತ ವಸಾಹತು ಕಟ್ಟೋ ಪ್ರಯತ್ನ ನಡೆಯಿತು. ದೀಕ್ಷಾಸ್ನಾನ ತಗೊಂಡವರು ಬಹಳ ಮಂದಿ ಏನಲ್ಲ. ಆದರೆ ತಗೊಂಡವರ ಪಾಡು ಸಣ್ಣದಾಗಿರಲಿಲ್ಲ. ಬೀಗತನ ಕಡಿದು ಹೋಗೋದು, ಬಾವಿ ನೀರಿಗೆ ತಕರಾರು, ಹೊಲ ಮನೆ ಪಾಲಿಗೆ ತಕರಾರು. ಹೀಗೆ ಹೊರಬಿದ್ದವರಿಗೆ ಕೆಲಸ ಕೊಡಬೇಕು ಅಂತಲೇ ಮಿಶನ್ನಿನವರು ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ ತೆರೆದದ್ದು.

ಅಪ್ಪ ಅಜ್ಜರಿಂದ ಬಂದದ್ದನ್ನೆಲ್ಲ ಬಿಟ್ಟು ಬಂದ ಮನುಷ್ಯ ತನ್ನ ಮಕ್ಕಳಿಗೆ ಏನು ಬಿಟ್ಟು ಹೋಗಬೇಕು? ಮೊದಲ ತಲೆಮಾರಿನ ಕ್ರೈಸ್ತರ ಮುಂದಿದ್ದ ಪ್ರಶ್ನೆ ಇದೇ. ಹೊಲ ಇಲ್ಲ, ದೈವ ಇಲ್ಲ, ಜಾತ್ರೆ ಇಲ್ಲ, ಮಠ ಇಲ್ಲ. ಇದ್ದದ್ದು ಒಂದು ಪುಸ್ತಕ, ಭಾನುವಾರದ ಆರಾಧನೆ, ಹಾಡೋ ಸಂಗೀತಗಳು, ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ ಕೂತು ಮಾಡೋ ಪ್ರಾರ್ಥನೆ. ಪುಸ್ತಕ ಇದೆ ಅಂದ ಮೇಲೆ ಓದಲಿಕ್ಕೆ ಬರಬೇಕು. ಗಂಡು ಹುಡುಗರಿಗಷ್ಟೇ ಅಲ್ಲ, ಹೆಣ್ಣುಮಕ್ಕಳಿಗೂ ಬರಬೇಕು. ಹಾಗಾಗಿ ಇವರ ಆಸ್ತಿ ಅಂದ್ರೆ ಅಕ್ಷರವೇ ಆಯಿತು. ದಾನಿಯೇಲಪ್ಪನವರ ಮನೆಯ ಮಗನಿಗೆ ಸಿಕ್ಕ ಪಾಲು ಇದು.

ಆದರೆ ಅಕ್ಷರ ಒಂದು ವಿಚಿತ್ರ ಆಸ್ತಿ. ಸತ್ಯವೇದ ಓದಲಿ ಅಂತ ಕಲಿಸಿದರೆ ಮಗ ಮತ್ತೇನೇನೋ ಓದತೊಡಗುತ್ತಾನೆ.

ಚನ್ನಪ್ಪನವರು ಬೆಳೆದ ಧಾರವಾಡ ಆಗ ಕುದಿಯೋ ಊರು. ಮುಂಬೈ ಸರಕಾರದ ಕೈಕೆಳಗೆ, ಮರಾಠಿ ದರ್ಬಾರಿನ ನಡುವೆ, ಕನ್ನಡಕ್ಕಾಗಿ ದನಿ ಎದ್ದ ಕಾಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, ಆಗ ಈ ಹುಡುಗನಿಗೆ ಎಂಟು ವರ್ಷ. 1894ರಲ್ಲಿ ಫರ್ಡಿನಾಂಡ್ ಕಿಟೆಲ್ ಅವರ 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಅದೂ ಬಾಸೆಲ್ ಮಿಶನ್ನಿನದೇ ಕೆಲಸ. ಇದೇ ಧಾರವಾಡದಲ್ಲಿ ಚನ್ನಪ್ಪನವರಿಗಿಂತ ಒಂದು ವರ್ಷ ಮುಂಚೆ, 1880ರಲ್ಲಿ, ಇನ್ನೊಬ್ಬ ಹುಡುಗ ಹುಟ್ಟಿದ್ದ. ಆತ ಫ.ಗು. ಹಳಕಟ್ಟಿ. ಒಬ್ಬರು ಮುಂದೆ ವಿಜಯಪುರದಲ್ಲಿ ವಕೀಲರಾಗಿ ಶರಣರ ವಚನ ಹುಡುಕಿದರು, ಇನ್ನೊಬ್ಬರು ಪಾದ್ರಿಯಾಗಿ ಸರ್ವಜ್ಞನನ್ನು ಹುಡುಕಿದರು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದದ್ದು 1923ರಲ್ಲಿ, ಉತ್ತಂಗಿಯವರ 'ಸರ್ವಜ್ಞನ ವಚನಗಳು' ಬಂದದ್ದು ಅದರ ಮರುವರ್ಷ. ಒಂದೇ ಊರು ಎರಡು ವರ್ಷದಲ್ಲಿ ಇಂಥ ಇಬ್ಬರನ್ನು ಹೆತ್ತಿದ್ದು ಕನ್ನಡದ ಪುಣ್ಯ ಅನ್ನಬೇಕು.

ಮಿಶನ್ನಿನ ಹೈಸ್ಕೂಲು ಮುಗಿಸಿದ ಚನ್ನಪ್ಪನವರು ಮಂಗಳೂರಿಗೆ ಹೋಗಿ ಬಲ್ಮಠದ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿದರು. ಓದು ಮುಗಿಸಿ ನಮ್ಮ ಉತ್ತರ ಕರ್ನಾಟಕದ ಸಭೆಗಳಿಗೇ ವಾಪಸಾದರು. ಸಭಾಪಾಲಕರ ಕೆಲಸ ಅಂದ್ರೆ ಭಾನುವಾರದ ಪ್ರಸಂಗ ಒಂದೇ ಅಲ್ಲ. ಕಾಯಿಲೆ ಬಿದ್ದವರ ಮನೆಗೆ ಹೋಗಬೇಕು, ಮದುವೆ ಮಾಡಿಸಬೇಕು, ಸತ್ತವರನ್ನು ಮಣ್ಣು ಮಾಡಬೇಕು, ಸಭೆಯ ಜಗಳ ಬಿಡಿಸಬೇಕು, ಸಂತೆ ಜಾತ್ರೆಗಳಲ್ಲಿ ನಿಂತು ಸುವಾರ್ತೆ ಸಾರಬೇಕು.

ಸಂತೆಯಲ್ಲಿ ನಿಂತು ಮಾತಾಡೋದು ಸಲೀಸಲ್ಲ. ಕೇಳೋ ಜನ ರೈತರು, ನೇಕಾರರು, ಕುರುಬರು. ಪುಸ್ತಕದ ಕನ್ನಡ ಅವರಿಗೆ ಬೇಡ. ಅವರ ಬಾಯಲ್ಲಿದ್ದದ್ದು ಬೀಸೋ ಕಲ್ಲಿನ ತ್ರಿಪದಿ, ತತ್ವಪದ, ಸರ್ವಜ್ಞ. ಜರ್ಮನಿಯಿಂದ ಬಂದ ಹಳೆಯ ಮಿಶನರಿಗಳಿಗೂ ಇದು ಗೊತ್ತಿತ್ತು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದವರು, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ವ್ಯೂರ್ತ್ ಅನ್ನೋ ಮಿಶನರಿ 1868ರಲ್ಲಿ 'ಪ್ರಾಕ್ಕಾವ್ಯಮಾಲಿಕೆ' ಅಂತ ಹಳೆಯ ಕಾವ್ಯಗಳ ಸಂಕಲನ ತಂದರು. ಬೀದಿಯಲ್ಲಿ ನಿಂತು ಮಾತಾಡುವಾಗ ಸರ್ವಜ್ಞನ ವಚನ ಹೇಳೋ ರೂಢಿಯೂ ಮಿಶನರಿಗಳಲ್ಲಿತ್ತು. ಡಂಭದ ಗುರು, ಜಾತಿಯ ಹಮ್ಮು, ಕಲ್ಲುಪೂಜೆಯ ಆಡಂಬರ ಇವನ್ನೆಲ್ಲ ಬೈಯಲಿಕ್ಕೆ ಸರ್ವಜ್ಞ ಒಳ್ಳೆ ಸಾಕ್ಷಿಯಾಗಿ ಸಿಗುತ್ತಿದ್ದ.

ಇಲ್ಲೊಂದು ಮಾತು ಬಿಚ್ಚಿ ಹೇಳಬೇಕು. ಮಿಶನರಿಗಳ ಕೈಯಲ್ಲಿ ಸರ್ವಜ್ಞ ಎಷ್ಟೋ ಸಲ ಬರೀ ಆಯುಧವಾಗಿದ್ದ. ಎದುರಿನವರನ್ನು ಅವರ ಕವಿಯಿಂದಲೇ ಹೊಡೆಯೋ ಆಯುಧ. ಉತ್ತಂಗಿಯವರ ಕೈಗೆ ಬಂದ ಮೇಲೆ ಆ ಸಂಬಂಧ ಬದಲಾಯಿತು. ಅವರು ಕವಿಯನ್ನು ಬಳಸಲಿಲ್ಲ, ತಮ್ಮವನೇ ಅಂತ ಹುಡುಕಿಕೊಂಡು ಹೋದರು.

ಅದಕ್ಕೂ ಮುಂಚೆ ಒಂದು ದೊಡ್ಡ ಏಟು ಬಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬಾಸೆಲ್ ಸ್ವಿಟ್ಜರ್ಲೆಂಡಿನ ಊರಾದರೂ ಇಲ್ಲಿದ್ದ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು. ಬ್ರಿಟಿಷ್ ಸರಕಾರ ಅವರನ್ನು ವೈರಿ ದೇಶದವರು ಅಂತ ಹಿಡಿದು ಕೂಡಿಹಾಕಿತು, ಆಮೇಲೆ ದೇಶದಿಂದಲೇ ಕಳಿಸಿಬಿಟ್ಟಿತು. ಕಾರ್ಖಾನೆಗಳು ಕೈತಪ್ಪಿದವು. ಎಂಬತ್ತು ವರ್ಷ ದೊರೆಗಳನ್ನು ನಂಬಿ ಬೆಳೆದ ಸಭೆಗಳು ಏಕಾಏಕಿ ತಬ್ಬಲಿಗಳಂತಾದವು. ಆಗ ಉತ್ತಂಗಿಯವರು ಮೂವತ್ತು ದಾಟಿದ ದೇಶೀ ಪಾದ್ರಿ. ಜರ್ಮನರು ಹೋದ ಮೇಲೆ ಈ ನಂಬಿಕೆ ಈ ಮಣ್ಣಿನಲ್ಲಿ ಬೇರು ಬಿಟ್ಟು ನಿಲ್ಲುತ್ತದೋ, ಅವರ ಹಡಗಿನ ಜೊತೆಗೇ ಹೋಗುತ್ತದೋ ಅನ್ನೋದು ಅವರಂಥವರ ಮುಂದಿದ್ದ ಪ್ರಶ್ನೆ.

1921ರಲ್ಲಿ ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಹೊರಬಂತು. ಹೆಸರಿನಲ್ಲೇ ಧಾಟಿ ಇದೆ. ಬೆತ್ಲೆಹೇಮು ಬನಾರಸಕ್ಕೆ ಸವಾಲು ಹಾಕೋದಿಲ್ಲ, ಹುಕುಂ ಮಾಡೋದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಯೇಸುವನ್ನು ಪರದೇಶದ ದೇವರು ಅಂತ ಬಾಗಿಲಲ್ಲೇ ನಿಲ್ಲಿಸಬೇಡಿ ಅನ್ನೋದು ಹಿಂದೂ ಓದುಗರಿಗೆ ಅವರ ಬಿನ್ನಹ. ಈ ನೆಲದ ಸಾಧುಸಂತರು ಕಂಡದ್ದನ್ನೆಲ್ಲ ಕತ್ತಲು ಅಂತ ತಳ್ಳಿಹಾಕೋ ಪಾದ್ರಿಗಳ ಹಳೆ ಚಾಳಿಗೂ ಈ ಧಾಟಿ ಹೊಂದೋದಲ್ಲ. ಇಂಥ ಪುಸ್ತಕ ಎರಡೂ ಕಡೆಯವರಿಗೆ ಇರಿಸುಮುರಿಸು ತರೋದೇ. ಅತ್ತ ಇವರು ನಯವಾಗಿ ಮತಾಂತರಕ್ಕೆ ಬಂದವರು ಅನ್ನೋ ಗುಮಾನಿ, ಇತ್ತ ಇವರಿಗೆ ಹಿಂದೂಗಳ ಮೇಲೆ ಮೋಹ ಹೆಚ್ಚಾಯಿತು ಅನ್ನೋ ಗೊಣಗಾಟ. ಉತ್ತಂಗಿಯವರು ಎರಡನ್ನೂ ಹೊತ್ತುಕೊಂಡೇ ನಡೆದರು. ಸಭಾಪಾಲಕರ ಅಂಗಿ ತೆಗೆಯಲಿಲ್ಲ, ಸರ್ವಜ್ಞನನ್ನೂ ಬಿಡಲಿಲ್ಲ.

ಸರ್ವಜ್ಞನ ಕೆಲಸ ಹೇಗಿತ್ತು ಅಂದ್ರೆ, ಆ ಕವಿಗೆ ಒಂದು ಗ್ರಂಥ ಅಂತ ಇರಲೇ ಇಲ್ಲ. ಊರಿಂದ ಊರಿಗೆ ತಿರುಗಿದ, ಬಾಯಿಗೆ ಬಂದಂತೆ ಹಾಡಿದ, ಕೇಳಿದವರು ನೆನಪಿಟ್ಟುಕೊಂಡರು. ಕೆಲವರು ತಾಳೆಗರಿಯಲ್ಲಿ ಗೀಚಿಕೊಂಡರು, ಕೆಲವರು ಕಾಗದದ ವಹಿಯಲ್ಲಿ. ಮಠದಲ್ಲೊಂದು ಕಟ್ಟು, ಗೌಡರ ಅಟ್ಟದ ಮೇಲೊಂದು ಕಟ್ಟು, ಅರ್ಧ ಗೆದ್ದಲು ತಿಂದದ್ದು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಒಂದೇ ವಚನ ಹಾವೇರಿ ಕಡೆ ಒಂದು ಥರ, ಬಳ್ಳಾರಿ ಕಡೆ ಇನ್ನೊಂದು ಥರ.

ಇನ್ನೊಂದು ತೊಡಕು ಅಂಕಿತದ್ದು. ಮೂರು ಸಾಲು ಕಟ್ಟಿ ಕೊನೆಗೆ ಸರ್ವಜ್ಞ ಅಂತ ಸೇರಿಸಿದರೆ ಯಾರ ಮಾತು ಬೇಕಾದರೂ ಸರ್ವಜ್ಞನ ವಚನ ಆಗಿಬಿಡುತ್ತದೆ. ನಾಲಿಗೆ ಚುರುಕಿರೋ ಯಾವನೋ ತನ್ನ ಪಕ್ಕದ ಮನೆಯವನ ಮೇಲಿನ ಸಿಟ್ಟನ್ನೂ, ಇಂಥ ಜಾತಿಯವರು ಹೀಗೆ ಅನ್ನೋ ಹಳಸಲು ಬೈಗುಳವನ್ನೂ ಸರ್ವಜ್ಞನ ತಲೆಗೆ ಕಟ್ಟಿ ಕೈತೊಳೆದುಕೊಂಡದ್ದು ಕಡಿಮೆಯಲ್ಲ. ಈಗ ವಾಟ್ಸ್‌ಆ್ಯಪಿನಲ್ಲಿ ಎಲ್ಲವನ್ನೂ ಅಬ್ದುಲ್ ಕಲಾಂ ಹೇಳಿದರು ಅಂತ ಹಾಕ್ತಾರಲ್ಲ, ಹಾಗೆ. ಯಾವುದು ಹಳೆಯದು, ಯಾವುದು ಆಮೇಲೆ ಹೆಣೆದದ್ದು, ಯಾವ ಪಾಠ ಸರಿ ಅಂತ ಒಂದೊಂದನ್ನೂ ಹೋಲಿಸಿ ನೋಡಬೇಕಿತ್ತು. ತ್ರಿಪದಿಯ ಮಾತ್ರೆ ಕೂಡಿಬರಬೇಕು, ಮಾತಿನ ವರಸೆ ಹೊಂದಬೇಕು.

ಸಭೆಯ ಕೆಲಸದ ನಡುವೆಯೇ ಉತ್ತಂಗಿಯವರು ಇದಕ್ಕಾಗಿ ಹಳ್ಳಿ ಹಳ್ಳಿ ತಿರುಗಿದರು. ಕೊರಳಲ್ಲಿ ಲಿಂಗ ಇಲ್ಲದ ಮನುಷ್ಯ ಮಠದ ಬಾಗಿಲಲ್ಲಿ ನಿಂತು ತಾಳೆಗರಿ ಕಟ್ಟು ತೋರಿಸ್ರಿ ಅಂತ ಕೇಳೋದು 1920ರ ಆಸುಪಾಸಿನಲ್ಲಿ ಸಣ್ಣ ಸಂಗತಿ ಅಲ್ಲ. ಕೇಳಿದ್ದು ದೊಡ್ಡದು, ಬಿಚ್ಚಿ ಕೊಟ್ಟವರ ಮನಸ್ಸೂ ದೊಡ್ಡದೇ. ಹೀಗೆ ಗರಿಗಳಿಂದ, ವಹಿಗಳಿಂದ, ಜನರ ಬಾಯಿಂದ ಕೂಡಿಸಿದ್ದು ಸುಮಾರು ಎರಡು ಸಾವಿರ ವಚನ. ಅವನ್ನು ವಿಷಯವಾರು ಹೊಂದಿಸಿ, ಕವಿಯ ಕಾಲ ದೇಶಗಳ ಬಗ್ಗೆ ವಿಚಾರ ಮಾಡಿ ಪೀಠಿಕೆ ಬರೆದು, 1924ರಲ್ಲಿ ಪುಸ್ತಕ ಮಾಡಿದರು.

ತಿರುಕನಾಗಿ ಬಾಳಿದ ಕವಿಯ ಬೆನ್ನು ಹತ್ತಿದ ಈ ಪಾದ್ರಿಗೆ 'ತಿರುಳ್ಗನ್ನಡದ ತಿರುಕ' ಅನ್ನೋ ಹೆಸರೇ ಅಂಟಿಕೊಂಡಿತು. ತಿರುಕ ಅಂದ್ರೆ ಭಿಕ್ಷೆಯವ. ಮನೆ ಮನೆಗೆ ಹೋಗಿ ಕನ್ನಡದ ತಿರುಳು ಬೇಡಿ ತಂದವರಿಗೆ ಒಪ್ಪೋ ಹೆಸರು.

ಸರ್ವಜ್ಞನಿಂದ ಅವರು ಶರಣರ ಕಡೆ ಹೊರಳಿದ್ದು ಸಹಜವೇ. 'ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ' ಅಂತ ಪುಸ್ತಕ ಬರೆದರು. ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, ಸಿದ್ಧರಾಮನ ಸಾಹಿತ್ಯ, ಆದಯ್ಯನ ವಚನಗಳು, ಇವುಗಳ ಸಂಪಾದನೆಯಲ್ಲಿ ಅವರ ಹೆಸರಿದೆ. ಇವೆಲ್ಲ ಐವತ್ತು ಅರವತ್ತು ದಾಟಿದ ಮೇಲೆ ಮಾಡಿದ ಕೆಲಸ. ಪಿಂಚಣಿ ವಯಸ್ಸಿನಲ್ಲಿ ಜನ ಕಟ್ಟೆ ಮೇಲೆ ಕೂತು ಹರಟೆ ಹೊಡೀತಾರೆ, ಇವರು ವಚನಗಳ ಪಾಠ ತಿದ್ದುತ್ತ ಕೂತರು.

ಅದರಲ್ಲೂ 1951ರ 'ಅನುಭವ ಮಂಟಪದ ಐತಿಹಾಸಿಕತೆ' ಬೇರೆಯೇ ತೂಕದ್ದು. ಬಸವಣ್ಣನ ಕಾಲದ ಕಲ್ಯಾಣದಲ್ಲಿ ಅನುಭವ ಮಂಟಪ ಅನ್ನೋದು ನಿಜಕ್ಕೂ ಇತ್ತೋ, ಆಮೇಲಿನ ಪುರಾಣಕಾರರು ಕಟ್ಟಿದ ಕಲ್ಪನೆಯೋ ಅಂತ ವಿದ್ವಾಂಸರಲ್ಲಿ ವಾದ ಎದ್ದಿತ್ತು. ಇತ್ತು ಅಂತ ವಚನಗಳ ಆಧಾರ ಹಿಡಿದು ವಾದಿಸಿದವರು ಉತ್ತಂಗಿಯವರು. ಈಗ ಬಸವಕಲ್ಯಾಣದಲ್ಲಿ ಸರಕಾರ ದೊಡ್ಡದಾಗಿ ಹೊಸ ಅನುಭವ ಮಂಟಪ ಕಟ್ಟಿಸಲಿಕ್ಕೆ ಹೊರಟು 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿಸಿತು. ಅಂಥ ಮಂಟಪ ಇದ್ದದ್ದೇ ಹೌದು ಅಂತ ಎಪ್ಪತ್ತು ವರ್ಷ ಹಿಂದೆ ಸಾಕ್ಷಿ ನುಡಿದವರಲ್ಲಿ ಒಬ್ಬರು ಬಾಸೆಲ್ ಮಿಶನ್ನಿನ ಪಾದ್ರಿ.

ಯಾಕೆ ಅಂತ ಕೇಳಿದರೆ ಉತ್ತರ ಅವರ ಮನೆತನದ ಕಥೆಯಲ್ಲೇ ಇದೆ ಅನಿಸುತ್ತದೆ. ಮಡಿವಾಳ, ಅಂಬಿಗ, ಸಮಗಾರ, ಹೆಣ್ಣುಮಕ್ಕಳು ಒಂದೇ ಚಾವಣಿಯ ಕೆಳಗೆ ದೇವರ ಮಾತಾಡಿದ್ದು ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ. ಬೇರೆ ಬೇರೆ ಜಾತಿ ಬಿಟ್ಟು ಬಂದವರು ಒಂದೇ ಮೇಜಿನ ಮುಂದೆ ರೊಟ್ಟಿ ಮುರಿದದ್ದು ಹತ್ತೊಂಬತ್ತನೇ ಶತಮಾನದ ಧಾರವಾಡ, ಬೆಟಗೇರಿಯ ಸಭೆಗಳಲ್ಲಿ. ಎರಡನೆಯದರಲ್ಲಿ ಬೆಳೆದವರಿಗೆ ಮೊದಲನೆಯದು ಸುಳ್ಳು ಅಂತ ಹೇಗೆ ಅನಿಸಬೇಕು? ಸಭೆಯೊಳಗೂ ಜಾತಿಯ ವಾಸನೆ ಪೂರಾ ಹೋಗಿರಲಿಲ್ಲ ಅನ್ನೋದು ಬೇರೆ ಮಾತು. ಕಲ್ಯಾಣದ ಕಥೆಯ ಕೊನೆಯೂ ಸುಖದ್ದಲ್ಲ.

1949ರಲ್ಲಿ ಕಲಬುರಗಿಯಲ್ಲಿ 32ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಉತ್ತಂಗಿ ಚನ್ನಪ್ಪನವರನ್ನು ಆರಿಸಿದರು. ಆ ವರ್ಷ, ಆ ಊರು, ಎರಡಕ್ಕೂ ಅರ್ಥ ಇತ್ತು. ನಿಜಾಮನ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಷ್ಟೇ ಭಾರತಕ್ಕೆ ಸೇರಿತ್ತು. ರಜಾಕಾರರ ಹಾವಳಿ, ಆಮೇಲಿನ ಸೇಡಿನ ಗಾಯ ಇನ್ನೂ ಹಸಿ. ಕಚೇರಿ, ಶಾಲೆ ಎಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಸೀಮೆ ಅದು. ಹಿಂದೂ, ಮುಸ್ಲಿಂ ಅನ್ನೋ ಮಾತಿಗೇ ಜನ ಬೆಚ್ಚುತ್ತಿದ್ದ ಹೊತ್ತಿನಲ್ಲಿ ಕನ್ನಡದ ಪೀಠಕ್ಕೆ 67 ವರ್ಷದ ಒಬ್ಬ ಕ್ರೈಸ್ತ ಪಾದ್ರಿಯನ್ನು ಕರೆತಂದು ಕೂರಿಸಿದ್ದು ಯೋಚಿಸಿ ಮಾಡಿದ್ದೋ, ತಾನಾಗಿ ಕೂಡಿಬಂದದ್ದೋ, ಕನ್ನಡಿಗರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಆಗಿನ್ನೂ ಕರ್ನಾಟಕ ಅಂತ ಒಂದು ರಾಜ್ಯ ಇರಲಿಲ್ಲ. ಡಂಬಳ, ಗದಗ ಮುಂಬೈ ಪ್ರಾಂತದಲ್ಲಿ, ಹೊಳೆಯಾಚೆಯ ಹಡಗಲಿ, ಉತ್ತಂಗಿ ಮದ್ರಾಸಿನಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ. ಕೊರ್ಲಹಳ್ಳಿ ದಡದಲ್ಲಿ ನಿಂತು ಆಚೆ ದಡದ ಎಮ್ಮೆ ಎಣಿಸಬಹುದು, ಆದರೆ ಅದು ಬೇರೆ ಸರಕಾರದ ಎಮ್ಮೆ! ಉತ್ತಂಗಿಯವರು ಹೊತ್ತ ಅಡ್ಡಹೆಸರು ಒಂದು ಪ್ರಾಂತದ್ದು, ಹುಟ್ಟಿದ ಊರು ಇನ್ನೊಂದು ಪ್ರಾಂತದ್ದು, ಅಧ್ಯಕ್ಷತೆಯ ಊರು ಮೂರನೆಯದ್ದು. ಸರ್ವಜ್ಞನಿಗೆ ಮಾತ್ರ ಈ ಗಡಿ ಯಾವುದೂ ಇರಲಿಲ್ಲ, ಮೂರೂ ಕಡೆ ಅವನ ವಚನ ಹೇಳುತ್ತಿದ್ದರು. 1956ರ ನವೆಂಬರ್ 1ರಂದು ಎಲ್ಲ ಒಂದಾದಾಗ ಅವರಿಗೆ 75 ವರ್ಷ. ಆಮೇಲೆ ಆರು ವರ್ಷ ಬದುಕಿದ್ದು, 1962ರ ಆಗಸ್ಟಿನಲ್ಲಿ ತೀರಿಕೊಂಡರು.

ಈಗ ಈ ಭಾಗದಲ್ಲಿ ಕ್ರೈಸ್ತರು ಬಿಟ್ಟು ಹೋದದ್ದು ಏನು ಅಂತ ಕೇಳಿದರೆ ಜನ ಮೊದಲು ತೋರಿಸೋದು ಬೆಟಗೇರಿಯ ದವಾಖಾನಿ. ಅದು ಸಿ.ಎಸ್.ಐ. ಆಸ್ಪತ್ರೆ, ಹಳಬರ ಬಾಯಲ್ಲಿ ಜರ್ಮನ್ ದವಾಖಾನಿ. ಆಮೇಲೆ ಚರ್ಚು, ಸಾಲಿ. ಸಾಹಿತ್ಯ ಗೊತ್ತಿದ್ದವರಾದರೆ ಕಿಟೆಲ್ ಅಂತಾರೆ. ಧಾರವಾಡದಲ್ಲಿ ಕಿಟೆಲ್ ಕಾಲೇಜಿದೆ, ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆ ಇದೆ. ಕಿಟೆಲ್ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜರ್ಮನಿಯಿಂದ ಬಂದು ಕನ್ನಡ ಕಲಿತವರನ್ನು ನೆನೆಯೋದು ಸುಲಭ, ಇಲ್ಲೇ ಹುಟ್ಟಿ ಇಲ್ಲಿಯ ಹೆಸರಿಟ್ಟುಕೊಂಡು ಇಲ್ಲಿಯ ಕವಿಯನ್ನು ಉಳಿಸಿದವರನ್ನು ನೆನೆಯೋದಕ್ಕೆ ಮಾತ್ರ ಯಾಕೋ ಮರೆವು.

ಕಟ್ಟಡ ಉಳಿದ ಮಾತ್ರಕ್ಕೆ ನಂಬಿಕೆ ಉಳಿಯೋದಿಲ್ಲ ಅನ್ನೋದು ಡಂಬಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಒಂದು ಕಾಲಕ್ಕೆ ಬೌದ್ಧರ ತಾರಾದೇವಿಯ ವಿಹಾರ ಇತ್ತು ಅಂತ 1095ರ ಶಾಸನ ಹೇಳುತ್ತದೆ. ಊರಿನ ವರ್ತಕರೇ ಅದಕ್ಕೆ ದಾನ ಕೊಟ್ಟಿದ್ದರು. ಇವತ್ತು ಕಲ್ಲು ಇದೆ, ತಾರೆಗೆ ಕೈಮುಗಿಯೋ ಮನೆ ಒಂದೂ ಇಲ್ಲ. ಅದೇ ಊರಿನ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಪ್ರತಿ ವರ್ಷ ಎಲ್ಲ ಜಾತಿಯವರೂ ರೊಟ್ಟಿ ತರ್ತಾರೆ, ಎಲ್ಲರೂ ಕೂತು ಉಣ್ತಾರೆ. ಒಂದು ಶಾಸನದಲ್ಲಿ ಉಳಿಯಿತು, ಒಂದು ರೊಟ್ಟಿಯಲ್ಲಿ ಉಳಿದಿದೆ.

ಉತ್ತಂಗಿಯವರು ಬಿಟ್ಟು ಹೋದದ್ದು ಬಾಯಲ್ಲಿ ಉಳಿದಿದೆ. ಅವರ ಸರ್ವಜ್ಞ ಎಷ್ಟೋ ಸಲ ಮರುಮುದ್ರಣ ಆಗಿದೆ. ಆಮೇಲೆ ಬೇರೆಯವರು ತಂದ ಸಂಗ್ರಹಗಳೂ ಒಂದಲ್ಲ ಒಂದು ರೀತಿ ಅವರದ್ದನ್ನೇ ಮುಂದಿಟ್ಟುಕೊಂಡು ಹೊರಟಂಥವು. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ತೆರೆದಾಗ, ಅದಕ್ಕೆ ಎದುರಾಗಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ತಮಿಳರ ಮುಂದೆ ಇವ ನಮ್ಮ ಕವಿ ಅಂತ ತೋರಿಸಲಿಕ್ಕೆ ಕನ್ನಡಿಗರ ಕೈಯಲ್ಲಿ ಒಂದು ಪುಸ್ತಕ ಇತ್ತಲ್ಲ, ಆ ಪುಸ್ತಕದ ಹಿಂದೆ ದಾನಿಯೇಲಪ್ಪನ ಮಗ ಚನ್ನಪ್ಪ ಇದ್ದಾರೆ.

ಕೊರ್ಲಹಳ್ಳಿ ಸೇತುವೆ ಮೇಲೆ ಹಡಗಲಿ ಬಸ್ಸುಗಳು ದಿನವೂ ಓಡಾಡುತ್ತವೆ. ಹೊಳೆ ದಾಟಿದರೆ ಉತ್ತಂಗಿ ದೂರದ ದಾರಿ ಏನಲ್ಲ.